ಎತ್ತುವವಳು ಬಂದಿಲ್ಲ

ಗಂಟೆ ನಿಂತರೂ ಅದರ ಗುಂಯ್‌ಗುಡುವಿಕೆ ಇನ್ನೂ ಬೇವಿನ ಮರದೊಳಗೇ ಎಲ್ಲೋ ಸಿಕ್ಕಿಕೊಂಡಂತಿದೆ — ಗಂಟೆ ಎಂದರೆ ಗಂಟೆಯೂ ಅಲ್ಲ, ರೈಲು ಹಳಿಯ ಒಂದು ತುಂಡು, ತಂತಿ ಕಟ್ಟಿ ನೇತುಹಾಕಿದ್ದು, ಜವಾನ ಬಡಿದ ಬಡಿತಕ್ಕೆ ಕಾಂಪೌಂಡಿನ ಮೇಲೆ ನಿಂತಿದ್ದ ಮೇಕೆ ಆಚೆಗೆ ಹಾರಿಕೊಂಡಿತು, ಹಾರಲಿ, ಮೇಕೆಗೇನು, ಅದು ಯಾವ ಪರೀಕ್ಷೆ ಕಟ್ಟಬೇಕಾಗಿದೆ, ಎಂದುಕೊಂಡಳು ಮರೈಕೆ, ಎಂದುಕೊಂಡದ್ದು ಕನ್ನಡದಲ್ಲೇ, ಇತ್ತೀಚೆಗೆ ಅವಳ ತಲೆಯೊಳಗೆ ಮೊದಲು ಏಳುವುದು ಗುಡೇಕೋಟೆಯ ಮಾತು, ಹಾಲೆಂಡಿನ ಮಾತು ಹಿಂದಿನಿಂದ ಏದುಸಿರು ಬಿಡುತ್ತ ಬರುತ್ತದೆ, ಬಡ ಮಕ್ಕಳಿಗೆ ಪಾಠ ಹೇಳುತ್ತೇನೆಂದು ಸಮುದ್ರ ದಾಟಿ ಬಂದವಳು, ಬಂದ ಮೊದಲ ವಾರದಲ್ಲೇ ಊರು ಅವಳ ಹೆಸರನ್ನು ತನ್ನ ಬಾಯಿಗೆ ಹೊಂದಿಸಿಕೊಂಡು ಮಾರೆಮ್ಮ ಮಾಡಿತ್ತು, ಹುಡುಗಿಯರಿಗೆ ಮಾರಕ್ಕ, ಮಾರೆಮ್ಮ ಅಂದರೆ ಸಿಟ್ಟಿನ ದೇವತೆ ಎಂದು ಆಮೇಲೆ ಗೊತ್ತಾಗಿ ಅವಳಿಗೆ ಒಳಗೊಳಗೇ ಖುಷಿಯಾಗಿತ್ತು, ಈಗ ಆ ದೇವತೆ ಕೂಡ್ಲಿಗಿಯಲ್ಲಿ ಒಂದು ಶಾಲೆಯ ಹೊರಗೆ, ಸುಣ್ಣದ ಪುಡಿಯಲ್ಲಿ ಎಳೆದ ಗೆರೆಯ ಈಚೆ ನಿಂತಿದೆ, ಒಳಗೆ ಬಿಡುವುದಿಲ್ಲ, ಪೊಲೀಸ್ ನಾಗೇಂದ್ರಪ್ಪ ಬೆಳಿಗ್ಗೆಯೇ ಕೈ ಮುಗಿದು ಹೇಳಿದ್ದಾನೆ, ಮೇಡಂ, ನೀವು ಫಾರಿನ್ನಿನವರು, ಈ ಗೆರಿ ಒಂದು ದಾಟಬ್ಯಾಡ್ರಿ, ನನ್ನ ನೌಕರಿಗೆ ಕುತ್ತು ಬರ್ತೈತಿ. ಗೆರೆ ಅರ್ಧ ಗಾಳಿಗೆ ಹಾರಿಹೋಗಿದೆ, ಆದರೂ ದಾಟಲಿಲ್ಲ, ಇಲ್ಲಿಂದಲೇ ಕಾಣುತ್ತದೆ, ಮೂಲೆಯ ಕೋಣೆ, ಸರಳಿನ ಕಿಟಕಿ, ಕಿಟಕಿಯ ಪಕ್ಕದ ಬೆಂಚಿನಲ್ಲಿ ಗಾಳೆಮ್ಮನ ಎಣ್ಣೆ ಹಚ್ಚಿ ಬಿಗಿದು ಹೆಣೆದ ತಲೆ, ಬಗ್ಗಿದೆ, ಬರೆಯುತ್ತಿದ್ದಾಳೋ ಸುಮ್ಮನೆ ಬಗ್ಗಿದ್ದಾಳೋ, ಇವತ್ತು ವಿಜ್ಞಾನ, ಕೊನೆಯ ಪೇಪರು, ಇದೊಂದು ದಾಟಿದರೆ ಎಸ್ಸೆಸ್ಸೆಲ್ಸಿ ದಾಟಿದಂತೆ, ಆಮೇಲೆ ಬಳ್ಳಾರಿಯಲ್ಲಿ ನರ್ಸ್ ತರಬೇತಿ, ಬಿಳಿ ಸೀರೆ, ದಾಟದಿದ್ದರೆ — ದಾಟದಿದ್ದರೆ ಏನೆಂದು ಅವಳ ತಾಯಿ ಗಿಡ್ಡಮ್ಮ ಹುಣಸೆಹಣ್ಣಿನ ಸಿಪ್ಪೆ ಕೊಡವುತ್ತಲೇ ಹೇಳಿಬಿಟ್ಟಿದ್ದಾಳೆ, ಮಾರೆಮ್ಮಾ, ಈ ಸರತಿ ಆತು ಅಂದ್ರ ಬಳ್ಳಾರಿಗೆ ಕಣ್ಣು ಮುಚ್ಚಿಕೊಂಡು ಕಳಿಸ್ತೀನಿ, ಆಗ್ಲಿಲ್ಲ ಅಂದ್ರ ಈ ಓದೋ ಹುಚ್ಚು ಬಿಟ್ಟು ಕಣದಾಗ ಕುಂದ್ರಬೇಕು ಆಕಿ, ಎರಡೆರಡು ಸರತಿ ಆಸಿ ಹಚ್ಚಿಕೊಂಡು ಕುಂದ್ರಾಕ ನನಗ ಕಸುವು ಸಾಲದವ್ವಾ. ಗಿಡ್ಡಮ್ಮ ಒಮ್ಮೆ ಹೇಳಿದ ಮೇಲೆ ಮುಗಿಯಿತು, ಮರೈಕೆಗೆ ಅದು ಚೆನ್ನಾಗಿ ಗೊತ್ತು.

ಒಬ್ಬಳೇ ಕೂತಿದ್ದಾಳೆ ಗಾಳೆಮ್ಮ, ಅದೇ ಅಲ್ಲವೇ ಸಂಕಟ, ಪಕ್ಕದ ಕೋಣೆಯಲ್ಲಾದರೂ ಜೊತೆಗೆ ಓದಿದ ಗೆಳತಿ ಸುಂಕಮ್ಮ ಇರಬೇಕಿತ್ತು, ಇಲ್ಲ, ಸುಂಕಮ್ಮ ಬಂದಿಲ್ಲ, ಕನ್ನಡಕ್ಕೆ ಬಂದಳು, ಇಂಗ್ಲಿಷಿಗೆ ಬಂದಳು, ಲೆಕ್ಕಕ್ಕೆ ಬಂದಳು, ಸಮಾಜಕ್ಕೆ ಬಂದಳು, ಕೊನೆಯ ದಿನ ಉಳಿದುಕೊಂಡಳು, ಈ ಮೋಡ, ಈ ಹಾಳು ಮೋಡ, ನಿನ್ನೆ ಸಂಜೆ ಗುಡ್ಡದ ನೆತ್ತಿಗೆ ಬಂದು ಕೂತದ್ದು ಇನ್ನೂ ಎದ್ದಿಲ್ಲ, ಹಾಲೆಂಡಿನಲ್ಲಿ ಮೋಡವನ್ನು ಯಾರು ತಲೆಯೆತ್ತಿ ನೋಡುತ್ತಾರೆ, ಅಲ್ಲಿ ಅದು ಮನೆಯ ಚಾವಣಿಯ ಹಾಗೆ ಯಾವಾಗಲೂ ಇರುವುದೇ, ಇಲ್ಲಿ ಹುಣಸೆಯ ಕಾಲದಲ್ಲಿ ಒಂದು ಮೋಡ ಬಂದರೆ ಊರಿಗೆ ಊರೇ ಕತ್ತೆತ್ತಿ ನೋಡುತ್ತ ನಿಲ್ಲುತ್ತದೆ, ಸುಂಕಮ್ಮನ ಅಪ್ಪ ಯರ್ರೆಪ್ಪ ಮರಗಳನ್ನು ಗುತ್ತಿಗೆ ಹಿಡಿದವನು, ಕಣದ ತುಂಬ ಹಣ್ಣು ಹರವಿದ್ದಾನೆ, ಒಂದು ಮಳೆ ಬಿದ್ದರೆ ಕೆಂಪಗಿನ ಹಣ್ಣು ಕರ್ರಗಾಗಿ ಕೊಳ್ಳುವವರೇ ಇಲ್ಲದಂತಾಗುತ್ತದೆ, ಇದ್ದಬದ್ದ ಕೈಯೆಲ್ಲ ಬೇಕು, ಗಿಡ್ಡಮ್ಮನೂ ಅಲ್ಲೇ ಕೆಲಸದವಳು, ಅವಳ ಮಗಳ ಕೈಯೂ ಬೇಕು, ನಸುಕಿನಲ್ಲಿ ಬಸ್ಸಿನ ಹತ್ತಿರ ಬಂದ ಸುಂಕಮ್ಮ ಪರೀಕ್ಷೆಯ ಸೀರೆಯಲ್ಲಿರಲಿಲ್ಲ, ಕಣದ ಹಳೆ ಸೀರೆಯಲ್ಲೇ ಇದ್ದಳು, ಅಂಗೈಗೆ ಹುಣಸೆ ಮೆತ್ತಿತ್ತು, ಲೇ ಗಾಳಿ, ಇಬ್ರೂ ಹೋದ್ರ ಹಣ್ಣು ಒಳಗ ಹಾಕೋರು ಯಾರಲೇ, ನಿಮ್ಮವ್ವ ಎರಡನೇ ಸರತಿ ಬಿಡಂಗಿಲ್ಲ, ನಮ್ಮಪ್ಪ ಬಿಡ್ತಾನ, ನನಗ ಒಂದಾ ಪೇಪರ್ ಉಳೀತೈತಿ, ಅಕ್ಟೋಬರಿಗೆ ಕಟ್ತೀನಿ, ನೀ ಹತ್ತು ಬಸ್ಸು — ಅಂದವಳೇ ಹುಣಸೆಯ ಕೈಯಿಂದ ಗಾಳೆಮ್ಮನ ಬೆನ್ನಿಗೊಂದು ಗುದ್ದಿದಳು, ರವಿಕೆಯ ಮೇಲೆ ಐದು ಬೆರಳು ಮೂಡಿತು, ಹಾಗೇ ಬಂದು ಕೂತಿದ್ದಾಳೆ ಗಾಳೆಮ್ಮ, ಬೆನ್ನಿನ ಮೇಲೆ ಸುಂಕಮ್ಮನ ಕೈ ಇಟ್ಟುಕೊಂಡು. ಸುಂಕಮ್ಮನ ಕಣ್ಣಲ್ಲಿ ನೀರಿತ್ತೇ, ಕತ್ತಲಿತ್ತು, ಕಾಣಲಿಲ್ಲ, ನಗುತ್ತಿದ್ದಳು ಎಂದು ಮಾತ್ರ ನೆನಪಿದೆ, ಬಸ್ಸು ಹೊರಟ ಮೇಲೂ ಮರೈಕೆ ತಿರುತಿರುಗಿ ಹಿಂದಿನ ಕತ್ತಲನ್ನೇ ನೋಡಿದಳು, ಒಳ್ಳೆಯ ವಿದ್ಯಾರ್ಥಿನಿ ಯಾರು ಎಂದು ಕೇಳಿದರೆ ಅವಳು ಸುಂಕಮ್ಮನ ಹೆಸರನ್ನೇ ಹೇಳುತ್ತಿದ್ದಳು. ಆದರೆ ನಿಜವಾದ ಕಷ್ಟ ಗೊತ್ತಾದದ್ದು ಆಮೇಲೆ, ಬಸ್ಸು ಅರ್ಧ ದಾರಿಗೆ ಬಂದಾಗ, ಸುಮ್ಮನೆ ಧೈರ್ಯ ಬರಲಿ ಎಂದು ಕೇಳಿದಳು, ಹೇಳು ಗಾಳೆಮ್ಮ, ರಕ್ತ ಹೃದಯದೊಳಗೆ ಹೆಂಗ ಬರ್ತೈತಿ — ಗಾಳೆಮ್ಮ ಬಾಯಿ ತೆರೆದಳು, ಮುಚ್ಚಿದಳು, ಕಿಟಕಿಯಾಚೆ ಓಡುವ ಜಾಲಿ ಗಿಡಗಳನ್ನು ನೋಡಿದಳು, ಮತ್ತೆ ಬಾಯಿ ತೆರೆದಳು, ಬಲದ ಮ್ಯಾಲಿನ ಕೋಣಿಗೆ ಬಂತು, ಅಂದಳು. ಯಾವುದು ಬಂತು? ಎಲ್ಲಿಂದ ಬಂತು? ಅಕ್ಕಾ, ಅದನ್ನ ಸುಂಕಿ ಅಂತಾಳಲ್ಲ, ಎತ್ತಾಕಿ ಸುಂಕಿ, ನಾ ಹಿಡಿಯಾಕಿ.

ಎತ್ತುವವಳು, ಹಿಡಿಯುವವಳು — ಅಯ್ಯೋ ಶಿವನೇ, ಎಂದುಕೊಂಡಳು ಮರೈಕೆ ಆಗಲೂ, ಈಗಲೂ, ಬೇವಿನ ಬುಡಕ್ಕೆ ಬೆನ್ನು ಒರಗಿಸಿ, ಎಷ್ಟು ಮೆರೆದಿದ್ದೆ ನಾನು ಆ ಕಣದ ಪಾಠದ ಬಗ್ಗೆ, ಮೊದಲ ವರ್ಷ ಸಮುದಾಯ ಭವನಕ್ಕೆ ಸುಣ್ಣ ಹೊಡೆಸಿ, ಬಳ್ಳಾರಿಯಿಂದ ಕರಿಹಲಗೆ ತರಿಸಿ, ಚಾಪೆ ಹಾಸಿ ಕಾದು ಕೂತದ್ದೇ ಬಂತು, ಹಲಗೆಯ ಮೇಲೆ ತಾನೇ ಬರೆದ ಅಕ್ಷರವನ್ನು ತಾನೇ ಒರೆಸಿ ಮನೆಗೆ ಹೋಗುವುದು, ಏಳನೆಯ ಇಯತ್ತೆ ಮುಗಿಸಿ ನಿಂತ ಹುಡುಗ ಹುಡುಗಿಯರು ಊರ ತುಂಬ ಇದ್ದಾರೆ, ಹೈಸ್ಕೂಲಿಗೆ ಕೂಡ್ಲಿಗಿಗೆ ಬರಬೇಕು, ಬಸ್ಸಿಗೆ ದುಡ್ಡು, ಬಟ್ಟೆಗೆ ದುಡ್ಡು, ಅದಕ್ಕಿಂತ ದೊಡ್ಡದು ಅಂದಂದಿನ ಕೂಲಿ ತಪ್ಪುತ್ತದೆ, ಯಾವ ತಾಯಿ ಕಳಿಸುತ್ತಾಳೆ, ಹಾಗಾದರೆ ಊರಲ್ಲೇ ಪುಕ್ಕಟೆ ಹೇಳಿಕೊಟ್ಟು ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿಸುವ ನನ್ನ ಹತ್ತಿರ ಯಾಕೆ ಬರುವುದಿಲ್ಲ ಎಂದು ಇವಳಿಗೆ ಸಿಟ್ಟು, ಮಾರೆಮ್ಮನ ಸಿಟ್ಟು, ಕೊನೆಗೊಂದು ದಿನ ಕಣಕ್ಕೇ ಹೋಗಿ ಜಗಳ ಕಾಯ್ದಳು ಅರೆಬರೆ ಕನ್ನಡದಲ್ಲಿ, ಗಿಡ್ಡಮ್ಮ ತಲೆ ಕೂಡ ಎತ್ತದೆ, ಕೈ ಇಲ್ಲಿ ಸಿಕ್ಕೊಂಡಾವು, ಬಾಯಿ ಖಾಲಿ ಅದಾವು, ನೀನಾ ಇಲ್ಲಿಗೆ ಬಂದು ಕುಂದ್ರು, ಅಂದಳು. ಬಂದು ಕೂತಳು. ಸುಗ್ಗಿಯಲ್ಲಿ ಶೇಂಗಾ, ಆಮೇಲೆ ಹುಣಸೆ, ಸುತ್ತಿಗೆಯಿಂದ ಸಿಪ್ಪೆ ಒಡೆದು, ನಾರು ಎಳೆದು, ಬೀಜ ಬಿಡಿಸಿ, ಬೆರಳು ಬೆರಳಿಗೆ ಅಂಟಿಕೊಂಡು ಪುಸ್ತಕ ಮುಟ್ಟುವ ಹಾಗಿಲ್ಲ, ಸೀಸದ ಕಡ್ಡಿ ಹಿಡಿದರೆ ಕಡ್ಡಿಯೇ ಕೈಬಿಡುವುದಿಲ್ಲ, ಕನ್ನಡ ಇಂಗ್ಲಿಷ್ ಲೆಕ್ಕ ಸಮಾಜವನ್ನೆಲ್ಲ ಕೆಲಸವಿಲ್ಲದ ಬೇಸಿಗೆ ಮಧ್ಯಾಹ್ನಗಳಲ್ಲಿ ಸ್ಲೇಟಿನ ಮೇಲೆ ತಿದ್ದಿ ಮುಗಿಸಿದ್ದಾಗಿತ್ತು, ವಿಜ್ಞಾನವೊಂದೇ ಹುಣಸೆಯ ಕಾಲಕ್ಕೆ ಉಳಿಯಿತು, ಉಳಿದದ್ದನ್ನು ಬಾಯಲ್ಲೇ ಕಲಿಯಬೇಕು, ಬಾಯಲ್ಲಿ ಕಲಿಯುವುದೆಂದರೆ ಇವರಿಗೆ ಪದ ಕಟ್ಟುವುದು, ಒಬ್ಬಳು ಒಂದು ಸೊಲ್ಲು ಎತ್ತುತ್ತಾಳೆ, ಇನ್ನೊಬ್ಬಳು ಮುಂದಿನದನ್ನು ಹಿಡಿಯುತ್ತಾಳೆ, ಮದುವೆ ಮನೆಯ ಪದ ಹಾಗೇ, ಬೀಸುವ ಪದ ಹಾಗೇ, ಹೃದಯದ ನಾಲ್ಕು ಕೋಣೆಗಳನ್ನೂ ಹಾಗೇ ಕಟ್ಟಿಬಿಟ್ಟರು, ಮೈಯೆಲ್ಲ ತಿರುಗಿದ ಮಾಸಿದ ರಕುತ — ಬಲದ ಮ್ಯಾಲಿನ ಕೋಣಿಗೆ ಬಂತು, ಬಲದ ಕೆಳಗಿನ ಕೋಣಿಯು ಒತ್ತಲು — ಪುಪ್ಪುಸದೂರಿಗೆ ಹೊಂಟು ನಿಂತು, ಉಸಿರಿನ ಸಂತ್ಯಾಗ ಮೈಯ ತೊಳಕೊಂಡು — ಎಡದ ಮ್ಯಾಲಿನ ಕೋಣಿಗೆ ಬಂತು — ಸುತ್ತಿಗೆ ಟಕ್ ಟಕ್ ತಾಳ ಹಾಕುತ್ತಿತ್ತು, ಮರೈಕೆಗೆ ಎದ್ದು ಕುಣಿಯಬೇಕೆನಿಸಿತ್ತು, ನಮ್ಮೂರಿನ ಯಾವ ಶಾಲೆಯಲ್ಲಿ ಹೃದಯ ಇಷ್ಟು ಚೆಂದಾಗಿ ಬಡಿಯುತ್ತದೆ ಎಂದು ಹಿಗ್ಗಿದ್ದಳು, ಇಬ್ಬರೂ ಸೇರಿದರೆ ಮಾತ್ರ ಅದು ಒಂದು ಉತ್ತರ, ಒಬ್ಬೊಬ್ಬಳ ಬಾಯಲ್ಲಿ ಅರ್ಧರ್ಧವೇ ಇದೆ ಎನ್ನುವುದು ಅಷ್ಟು ದಿನ ಪಕ್ಕದಲ್ಲೇ ಕೂತ ಅವಳಿಗೂ ಹೊಳೆಯಲಿಲ್ಲ, ಕಟ್ಟಿದವರಿಗೂ ಹೊಳೆಯಲಿಲ್ಲ, ಇಬ್ಬರೂ ಒಟ್ಟಿಗೇ ಹೋಗುವವರು ತಾನೆ, ಒಟ್ಟಿಗೇ ಹೋದರೂ ಕೋಣೆಯೊಳಗೆ ಬಾಯಿ ಬಿಟ್ಟು ಹಾಡುವ ಹಾಗಿಲ್ಲ ಎಂಬುದನ್ನಾದರೂ ಯಾರಾದರೊಬ್ಬರು ಯೋಚಿಸಬೇಡವೇ, ಯೋಚಿಸಲಿಲ್ಲ, ಪದ ಅಷ್ಟು ಚೆನ್ನಾಗಿತ್ತು.

ಬಸ್ಸಿನಲ್ಲಿ ಮರೈಕೆಯೇ ಎತ್ತಿ ನೋಡಿದ್ದಳು, ಪಕ್ಕದ ಸೀಟಿನ ಮುದುಕ ನಗುತ್ತಿದ್ದರೂ ನಾಚಿಕೆ ಬಿಟ್ಟು, ಮೈಯೆಲ್ಲ ತಿರುಗಿದ ಮಾಸಿದ ರಕುತ, ಗಾಳೆಮ್ಮ ಥಟ್ಟನೆ ಹಿಡಿದಳು, ಮುಂದಿನದು ಇವಳು ಎತ್ತಿದಳು, ಅವಳು ಹಿಡಿದಳು, ನೀರು ಹರಿದ ಹಾಗೆ, ಈಗ ನೀನೇ ಎತ್ತು ಅಂದರೆ ಮಾತ್ರ ನಾಲಿಗೆ ಏಳದು, ಬರೋದಿಲ್ಲವಾ, ಬರ್ತೈತಿ ಅಕ್ಕಾ, ಮತ್ತೆ ಹೇಳು, ಅದು ಸುಂಕೀದು ಅಕ್ಕಾ — ಅದು ಸುಂಕೀದು, ಮರೆತದ್ದಲ್ಲ, ಬಾರದ್ದೂ ಅಲ್ಲ, ಇನ್ನೊಬ್ಬಳದ್ದು, ಎತ್ತುವವಳು ಇರುವಾಗ ಹಿಡಿಯುವವಳು ಅವಳ ಸೊಲ್ಲನ್ನು ಬಾಯಿಗೆ ತಂದುಕೊಳ್ಳುವುದಿಲ್ಲ, ತಂದುಕೊಂಡರೆ ಅವಳನ್ನು ಎಬ್ಬಿಸಿ ಅವಳ ಜಾಗದಲ್ಲಿ ತಾನು ಕೂತ ಹಾಗೆ, ಗಿಡ್ಡಮ್ಮ ಅಂಜಿನಕ್ಕನ ಹಿಂದೆ ಮದುವೆ ಪದ ಹಿಡಿಯುತ್ತ ಮುದುಕಿಯಾದವಳು, ಅಂಜಿನಕ್ಕ ತೀರಿಕೊಂಡ ಮೇಲೆ ಆ ಪದಗಳನ್ನು ಒಮ್ಮೆ ಹಾಡಿ ಎಂದು ಮರೈಕೆ ಗೋಗರೆದಾಗ, ಮುಂದ ಎತ್ತಾಕಿ ಹ್ವಾದ್ಲು, ನಾ ಯಾರ ಹಿಂದ ಹಾಡ್ಲೆವ್ವಾ, ಎಂದು ಸೆರಗಿನಿಂದ ಮೂಗು ಒರೆಸಿಕೊಂಡಿದ್ದಳು, ಎಷ್ಟು ಪದಗಳಿದ್ದವೋ, ಎಲ್ಲ ಅಲ್ಲಿಗೇ ನಿಂತವು. ತಾಯಿಯ ಮಗಳು ಈಗ ಒಳಗೆ ಕೂತಿದ್ದಾಳೆ. ಬಸ್ ಸ್ಟ್ಯಾಂಡಿನಿಂದ ಶಾಲೆಯವರೆಗೆ ಮರೈಕೆ ಬಡಕೊಂಡದ್ದೇ ಬಡಕೊಂಡದ್ದು, ಇದು ಪದ ಅಲ್ಲಮ್ಮ, ಪರೀಕ್ಷೆ, ಸುಂಕಿ ಬೇಜಾರು ಮಾಡಿಕೊಳ್ಳಂಗಿಲ್ಲ, ಅವಳೇ ನಿನ್ನ ಕಳಿಸ್ಯಾಳ, ಗಾಳೆಮ್ಮ ಹೂಂ ಅಂದಳು, ಹೂಂ ಅಕ್ಕಾ ಅಂದಳು, ಹೂಂ ಎಂದರೆ ಈ ಊರಲ್ಲಿ ಆಗಲಿ ಎಂದೂ ಅರ್ಥ, ಸಾಕು ಬಿಡು ಎಂದೂ ಅರ್ಥ, ಇಷ್ಟು ದಿನವಾದರೂ ಯಾವ ಹೂಂ ಯಾವುದೆಂದು ಮರೈಕೆಗೆ ಹಿಡಿಯಲಾಗಿಲ್ಲ.

ಮೋಡ ಇತ್ತ ಬರುತ್ತಿದೆಯೋ ಅತ್ತ ಹೋಗುತ್ತಿದೆಯೋ, ಗಾಳಿ ಎದ್ದಿದೆ, ಬೇವಿನ ಹಣ್ಣೆಲೆ ತಲೆಯ ಮೇಲೆ ಉದುರುತ್ತಿದೆ, ಗೇಟಿನ ಹೊರಗೆ ಜನ ಜಾತ್ರೆಯಾಗಿದ್ದಾರೆ, ಅಣ್ಣಂದಿರು, ಭಾವಂದಿರು, ಚಿಕ್ಕಪ್ಪಂದಿರು, ಎಲ್ಲರ ಕಿಸೆಯಲ್ಲೂ ಮಡಚಿದ ಚೀಟಿ, ಕಲ್ಲಿಗೆ ಸುತ್ತಿ ಕಿಟಕಿಗೆ ಎಸೆಯುವುದು, ನಾಗೇಂದ್ರಪ್ಪ ಲಾಠಿ ಬೀಸುತ್ತ ಅತ್ತ ಓಡಿದರೆ ಇತ್ತಲಿಂದ ಬೀಳುತ್ತದೆ, ಇತ್ತ ಓಡಿ ಬಂದರೆ ಅತ್ತಲಿಂದ, ಏ, ನಿಮಗೇನು ಮಾನ ಮರ್ಯಾದಿ ಐತೇನಲೇ, ಎಂದು ಅವನು ಬೈಯುವುದು, ಅವರು ನಗುವುದು, ಮರೈಕೆಯ ಪಕ್ಕದಲ್ಲಿ ಬಂದು ನಿಂತವನ ಹೆಸರು ಯರ್ರಿಸ್ವಾಮಿ ಅಂತೆ, ಕೊಟ್ಟೂರಿನಲ್ಲಿ ಸೈಕಲ್ ಶಾಪ್ ಇಟ್ಟವನು, ಹೆಂಡತಿಯ ತಮ್ಮ ಒಳಗೆ ಮೂರನೇ ಸಲ ವಿಜ್ಞಾನ ಬರೆಯುತ್ತಿದ್ದಾನಂತೆ, ಕೇಳದೆಯೇ ಎಲ್ಲ ಹೇಳುತ್ತಾನೆ, ಬೀಡಿ ಮುಚ್ಚಿಟ್ಟುಕೊಂಡು ವಿನಯದಿಂದ, ಮೇಡಂ, ಪೇಪರ್ ಹೊರಗ ಬಂದೈತ್ರಿ, ಗುಂಡಿಗಿ ಕೇಳ್ಯಾರ, ರಕ್ತ ಹೆಂಗ ತಿರುಗತೈತಿ ಅಂತ, ದೊಡ್ಡ ಪ್ರಶ್ನಿ ಅದಾ, ಅದೊಂದು ಬರದ್ರ ಪಾಸು ಅಂತ ತಿಳೀರಿ, ನಿಮ್ಮ ಹುಡುಗಿ ಯಾವ ಕೋಣ್ಯಾಗ ಅದಾಳ, ನಮ್ಮ ಹುಡುಗನ ಸಂಗಾಟ ಆಕಿಗೂ ಒಂದು ಚೀಟಿ ಒಗೀಲೇನ್ರಿ? ಬೇಡ, ಅಂದಳು, ಜೋರಾಗಿಯೇ ಅಂದಳು, ಅವನು ಹಿಂದೆ ಸರಿದ, ಆದರೆ ಎದೆ ಡವಗುಟ್ಟತೊಡಗಿತು, ಬಲದ ಮೇಲಿನ ಕೋಣೆ, ಬಲದ ಕೆಳಗಿನ ಕೋಣೆ, ಹೃದಯವನ್ನೇ ಕೇಳಿದ್ದಾರೆ, ಒಳಗೆ ಗಾಳೆಮ್ಮನಿಗೆ ಪೂರಾ ಗೊತ್ತಿರುವುದನ್ನೇ ಕೇಳಿದ್ದಾರೆ, ಮೊದಲ ಮಾತೊಂದು ಮಾತ್ರ ಬೇಕು, ಚೀಟಿಯೇ ಬೇಕಾಗಿಲ್ಲ, ಇಲ್ಲಿಂದ ಆ ಕಿಟಕಿಗೆ ದೂರವೇನು, ಗಾಳಿಯೂ ಅತ್ತಲೇ ಬೀಸುತ್ತಿದೆ, ಒಂದು ಸೊಲ್ಲು ಎತ್ತಿದರೆ ಸಾಕು, ಯಾರಿಗೆ ತಿಳಿಯುತ್ತದೆ, ಬಿಳಿ ಹೆಂಗಸು ಸೆಕೆಗೆ ತಲೆ ತಿರುಗಿ ಏನೋ ಗುನುಗುತ್ತಿದ್ದಾಳೆ ಎಂದುಕೊಳ್ಳುತ್ತಾರೆ, ನಾಗೇಂದ್ರಪ್ಪ ಸಹ ನಕ್ಕು ಬಿಡುತ್ತಾನೆ, ಗೆರೆ ದಾಟಬೇಡಿ ಎಂದಿದ್ದಾನೆ, ಹಾಡಬೇಡಿ ಎಂದಿಲ್ಲ. ಗಾಳೆಮ್ಮನ ತಲೆ ಇನ್ನೂ ಬಗ್ಗಿಯೇ ಇದೆ, ಪೆನ್ನು ಬೆಂಚಿನ ಮೇಲೆ ಬಿದ್ದಿದೆ, ಈಗ ಕಾಣಿಸಿತು, ಬಿದ್ದಿದೆ, ಕೈ ಮಡಿಲಲ್ಲಿದೆ.

ಇದು ತಪ್ಪೇ, ತಪ್ಪೇ, ಅಪ್ಪ ಏನೆನ್ನುತ್ತಿದ್ದರು, ಆ ಸಣ್ಣ ಊರಿನ ರೊಟ್ಟಿ ಅಂಗಡಿಯ ಅಪ್ಪ, ಹಿಟ್ಟು ತಾನೇ ಉಬ್ಬಬೇಕು ಮಗಳೇ, ಒಲೆಯ ಬಾಗಿಲು ತೆಗೆತೆಗೆದು ನೋಡಬೇಡ ಎಂದು ಗದರುತ್ತಿದ್ದರು, ಅಪ್ಪಾ, ಅದು ರೊಟ್ಟಿ, ಇದು ಒಬ್ಬ ಹುಡುಗಿಯ ಬದುಕು, ನನಗೆ ಯಾವ ಗೆರೆ ಇತ್ತು, ನಾನು ಶಾಲೆಗೆ ಹೋದದ್ದು ಗಾಳಿ ಕುಡಿದಷ್ಟು ಸಲೀಸಾಗಿ, ಬೇಜಾರಾದರೆ ಹೊಟ್ಟೆನೋವು ಎಂದು ಮಲಗಿಬಿಡುತ್ತಿದ್ದೆ, ಒಂದು ದಿನವೂ ಯಾರೂ ನನ್ನ ಕೈಯ ಕೂಲಿಯನ್ನು ಎದುರು ನೋಡಲಿಲ್ಲ, ಇವಳು ಬೆಳಗಿನಿಂದ ಸಂಜೆಯವರೆಗೆ ಹುಣಸೆ ಬಡಿದ ಬೆರಳಿನಿಂದ ಇಷ್ಟು ದೂರ ಬಂದಿದ್ದಾಳೆ, ಒಂದು ಸಾಲಿನ ಹೊಸಿಲಲ್ಲಿ ನಿಂತುಬಿಟ್ಟಿದ್ದಾಳೆ, ಆ ಸಾಲು ನನ್ನ ಬಾಯಲ್ಲಿದೆ, ಕೊಡದಿದ್ದರೆ ನಾನು ಇಲ್ಲಿಗೆ ಬಂದದ್ದಾದರೂ ಯಾಕೆ, ಕೊಡಲೆಂದೇ ಬಂದವಳಲ್ಲವೇ — ಕೊಟ್ಟರೆ, ಬಳ್ಳಾರಿಗೂ ಹೋಗಿ ಎತ್ತಬೇಕಾಗುತ್ತದೆಯೇ, ರೋಗಿಯ ಮಂಚದ ಪಕ್ಕದಲ್ಲೂ ಹೊರಗೆ ಮರದ ಕೆಳಗೆ ನಿಂತು, ಮುಂದಿನ ತಿಂಗಳು ನನ್ನ ಅವಧಿ ಮುಗಿಯುತ್ತದೆ, ಸುಂಕಮ್ಮ ಕಣದಲ್ಲಿ, ನಾನು ಸಮುದ್ರದಾಚೆ, ಆಗ ಯಾರು ಎತ್ತುತ್ತಾರೆ — ಇರಲಿ, ಅದು ಆಮೇಲಿನ ಮಾತು, ಈಗ ಪೆನ್ನು ಬಿದ್ದಿದೆ, ಈಗ ಗಿಡ್ಡಮ್ಮ ಕಣದಲ್ಲಿ ಮೋಡ ನೋಡುತ್ತ ಕೂತಿದ್ದಾಳೆ, ಒಂದೇ ಸಲ ಆಸೆ ಹಚ್ಚಿಕೊಳ್ಳಲು ಕಸುವು ಉಳಿದಿರುವ ಹೆಂಗಸು, ಮರೈಕೆ ಬೆನ್ನನ್ನು ಮರದಿಂದ ಬಿಡಿಸಿಕೊಂಡಳು, ಗಂಟಲು ಸರಿ ಮಾಡಿಕೊಂಡಳು, ಹೌದು, ಹಾಡುತ್ತೇನೆ, ಪಾಪ ಬಂದರೆ ನನಗೆ ಬರಲಿ, ಮಾರೆಮ್ಮನಿಗೆ ಬರುವ ಪಾಪ ಎಷ್ಟಿದ್ದೀತು, ಮೈಯೆಲ್ಲ, ಎಂದು ಬಾಯಿ ತೆರೆದಳು, ಮೈ — ಎಂಬಷ್ಟು ಉಸಿರು ಹೊರಗೆ ಬಂದಿತ್ತು, ಅಷ್ಟರಲ್ಲಿ ಕಿಟಕಿಯ ಸರಳುಗಳ ಹಿಂದೆ ಗಾಳೆಮ್ಮ ತಲೆಯೆತ್ತಿದಳು. ಹೊರಗೆ ನೋಡಲಿಲ್ಲ. ಎತ್ತಲೂ ನೋಡಲಿಲ್ಲ.

ತಲೆ ಎತ್ತಿದ್ದಲ್ಲ, ಗದ್ದ ಎತ್ತಿದ್ದು, ಸ್ವಲ್ಪ ಎಡಕ್ಕೆ ವಾಲಿಸಿ, ಕರೆಯುವ ಹಾಗೆ, ಯಾರನ್ನೋ ಬಾ ಎನ್ನುವ ಹಾಗೆ, ಗಾಳೆಮ್ಮ ಹಾಗೆ ಮಾಡುವವಳಲ್ಲ, ಅವಳದು ಯಾವಾಗಲೂ ತಗ್ಗಿದ ಮುಖ, ಇದನ್ನು ಎಲ್ಲಿ ನೋಡಿದ್ದೇನೆ, ಯಾರು ಹೀಗೆ — ಕೈಗೆ ಹುಣಸೆ ಮೆತ್ತಿ ಸನ್ನೆ ಮಾಡಲು ಬೆರಳಿಲ್ಲದೆ, ಹೂಂ ಈಗ ನೀ ಹಿಡಿ ಎಂದು ಗದ್ದದಲ್ಲೇ ಹೇಳುವವಳು — ಸುಂಕಮ್ಮ, ಇದು ಸುಂಕಮ್ಮನ ಗದ್ದ, ಗಾಳೆಮ್ಮನ ಮುಖದ ಮೇಲೆ ಸುಂಕಮ್ಮನ ಗದ್ದ, ತುಟಿ ಅಲುಗುತ್ತಿದೆ, ಸದ್ದಿಲ್ಲ, ಇಲ್ಲಿಂದ ಕೇಳಿಸುವುದೂ ಇಲ್ಲ, ಆದರೆ ಮರೈಕೆಗೆ ಒಂದೊಂದು ಅಕ್ಷರವೂ ಗೊತ್ತು, ಮೈಯೆಲ್ಲ ತಿರುಗಿದ ಮಾಸಿದ ರಕುತ, ಗದ್ದ ಇಳಿಯಿತು, ಮುಖ ತಗ್ಗಿತು, ಈಗ ಗಾಳೆಮ್ಮ, ಬಲದ ಮ್ಯಾಲಿನ ಕೋಣಿಗೆ ಬಂತು, ಕೈ ಮಡಿಲಿನಿಂದ ಮೇಲೆ ಬಂದು ಪೆನ್ನು ಹಿಡಿಯಿತು. ಎಬ್ಬಿಸಿ ಅವಳ ಜಾಗದಲ್ಲಿ ಕೂರಲಿಲ್ಲ, ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು, ಅದಕ್ಕೇ ಇಷ್ಟು ಹೊತ್ತು ಬೇಕಾಯಿತೇನೋ, ನನ್ನ ಹುಡುಗಿ, ನನ್ನ ಬಂಗಾರ, ಮರೈಕೆಯ ಗಂಟಲಲ್ಲಿ ಎತ್ತಬೇಕಾಗಿದ್ದ ಸೊಲ್ಲು ಹಾಗೇ ನಿಂತು ಅಳುವಾಯಿತು, ಅಳುವೋ ನಗುವೋ, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಬೇಕು, ಕರೆದರೆ ನನ್ನನ್ನು ಕರೆಯಲಿಲ್ಲವಲ್ಲ ಎಂದು, ಬಸ್ಸಿನಲ್ಲಿ ಅಷ್ಟು ಎತ್ತಿಕೊಟ್ಟೆನಲ್ಲ ಎಂದು, ಆಮೇಲೆ ಆ ಹೊಟ್ಟೆಕಿಚ್ಚೂ ಸಿಹಿಯಾಗಿಯೇ ಇದೆ ಎನ್ನಿಸಿತು, ಯರ್ರಿಸ್ವಾಮಿ, ಯಾಕ್ರಿ ಮೇಡಂ, ಆರಾಮಿಲ್ಲೇನ್ರಿ, ನೀರು ತರ್ಲೇನ್ರಿ, ಎನ್ನುತ್ತಿದ್ದಾನೆ, ಏನೂ ಇಲ್ಲಪ್ಪಾ, ಸುಮ್ನಿರು, ನೋಡು, ಅಂದಳು, ಏನು ನೋಡಬೇಕೆಂದು ತಿಳಿಯದೆ ಅವನೂ ಮೋಡ ನೋಡಿದ, ಗಾಳಿಗೆ ಹೋಗೋ ಹಂಗ ಐತ್ರಿ ಮಳಿ, ಅಂದ.

ಅಯ್ಯೋ, ಮೇಷ್ಟ್ರು — ಕೋಣೆಯ ಆ ತುದಿಯಿಂದ ಕನ್ನಡಕದ ಮೇಷ್ಟ್ರು ಬರುತ್ತಿದ್ದಾರೆ, ಬೆಂಚಿನಿಂದ ಬೆಂಚಿಗೆ, ಗಾಳೆಮ್ಮನ ಹತ್ತಿರ ನಿಂತರು, ತುಟಿ ನೋಡಿಬಿಟ್ಟರು, ಯಾರ ಸಂಗಾಟ ಮಾತಾಡ್ತಿ, ಎಂದಿರಬೇಕು, ಹಿಂದಿನ ಬೆಂಚು ನೋಡಿದರು, ಮುಂದಿನ ಬೆಂಚು ನೋಡಿದರು, ಬಗ್ಗಿ ಬೆಂಚಿನ ಕೆಳಗೂ ನೋಡಿದರು, ಚೀಟಿ ಇಲ್ಲ, ಏನೂ ಇಲ್ಲ, ಗಾಳೆಮ್ಮ ಎದ್ದು ನಿಂತಳು, ಎರಡೂ ಅಂಗೈ ತೋರಿಸಿದಳು, ಹುಣಸೆಯ ಕಂದು ಕಲೆ ಎಷ್ಟು ತಿಕ್ಕಿದರೂ ಹೋಗದ ಅಂಗೈ, ಓಡಬೇಕು, ಗೆರೆ ದಾಟಿ ಓಡಿಹೋಗಿ ಹೇಳಬೇಕು, ಸಾರ್, ಅವಳು ಯಾರ ಜೊತೆಗೂ ಮಾತಾಡುತ್ತಿಲ್ಲ, ಮಾತಾಡುತ್ತಿದ್ದಾಳೆ ಆದರೆ ಇಲ್ಲಿರುವವರ ಜೊತೆ ಅಲ್ಲ — ಹೇಗೆ ಹೇಳುವುದು, ಯಾವ ಭಾಷೆಯಲ್ಲಿ ಹೇಳಿದರೆ ನಂಬುತ್ತಾರೆ, ಕಾಲು ಒಂದು ಹೆಜ್ಜೆ ಇಟ್ಟೇಬಿಟ್ಟಿತು, ನಾಗೇಂದ್ರಪ್ಪ ದೂರದಿಂದಲೇ, ಮೇಡಂ, ಮೇಡಂ, ಎನ್ನುತ್ತಿದ್ದಾನೆ, ಗಾಳೆಮ್ಮ ಏನೋ ಹೇಳುತ್ತಿದ್ದಾಳೆ, ತಾನೇ ಹೇಳುತ್ತಿದ್ದಾಳೆ, ಊರಿನ ಗೌಡರ ಎದುರು ಸೆರಗಿನ ತುದಿ ಕಚ್ಚಿಕೊಂಡು ನಿಲ್ಲುತ್ತಿದ್ದ ಗಾಳೆಮ್ಮ ಮೇಷ್ಟ್ರ ಮುಖ ನೋಡಿಕೊಂಡು ಹೇಳುತ್ತಿದ್ದಾಳೆ, ಮೇಷ್ಟ್ರು ಕೇಳುತ್ತಿದ್ದಾರೆ, ತಲೆ ಕೆರೆದುಕೊಂಡರು, ಹಾಳೆ ಎತ್ತಿ ಓದಿದರು, ಕೆಳಗಿಟ್ಟರು, ಬೆರಳನ್ನು ತುಟಿಗೆ ಅಡ್ಡ ಇಟ್ಟು ತೋರಿಸಿದರು, ಬಾಯಿ ಮುಚ್ಚಿಕೊಂಡು ಬರಿ, ಅಷ್ಟೇ, ಮುಂದಿನ ಬೆಂಚಿಗೆ ಹೋದರು. ಅಷ್ಟೇ. ಮರೈಕೆಯ ಕಾಲು ಗೆರೆಯ ಮೇಲೇ ನಿಂತಿದೆ, ಅತ್ತಲೂ ಇಲ್ಲ, ಇತ್ತಲೂ ಇಲ್ಲ, ಬಾಯಿ ಮುಚ್ಚಿದರೆ ಪದ ಎಲ್ಲಿಂದ ಬರಬೇಕು, ನಿಂತೇ ಹೋಯಿತೇ, ಇಷ್ಟು ಬಂದದ್ದು ಇಲ್ಲಿಗೇ ನಿಂತೇ ಹೋಯಿತೇ, ಗಾಳೆಮ್ಮ ಕೂತಳು, ತುಟಿಗಳನ್ನು ಒಂದರೊಳಗೊಂದು ಬಿಗಿದುಕೊಂಡಳು, ಅಲುಗಲಿಲ್ಲ, ಬರೆಯಲಿಲ್ಲ, ಗಾಳಿ ಬೀಸಿತು, ಬೇವಿನೆಲೆ ಬಿತ್ತು, ಬಿಗಿದ ತುಟಿಗಳು ಬಿಗಿದೇ ಇರುವಾಗ ಗದ್ದ ಮೆಲ್ಲಗೆ ಮೇಲೆ ಹೋಯಿತು, ಎಡಕ್ಕೆ ವಾಲಿ, ಕೆಳಗಿಳಿಯಿತು, ಪೆನ್ನು ಓಡಿತು, ಗದ್ದ ಮೇಲೆ, ಸುಂಕಮ್ಮ, ಗದ್ದ ಕೆಳಗೆ, ಗಾಳೆಮ್ಮ, ಪೆನ್ನು, ಗದ್ದ ಮೇಲೆ, ಮೋಡ ಏನಾಯಿತೋ, ಹಣ್ಣು ಒಳಗೆ ಹೋಯಿತೋ, ನಾಗೇಂದ್ರಪ್ಪ ಏನೋ ಹೇಳುತ್ತ ಹತ್ತಿರ ಬಂದ, ಏನು ಹೇಳುತ್ತಿದ್ದಾನೋ, ಗದ್ದ ಕೆಳಗೆ, ಪೆನ್ನು, ಗದ್ದ ಮೇಲೆ, ಬೇರೆ ಏನೂ ಕಾಣುತ್ತಿಲ್ಲ, ಬೇರೆ ಏನೂ ಬೇಡ, ಗದ್ದ ಕೆಳಗೆ, ಮತ್ತೆ, ಗದ್ದ ಮೇಲೆ —